ಆನೆಕಲ್ಲಿನ ಊರಿನಿಂದ ಹಿಮದ ಕಡಲಿಗೆ

ನಮ್ಮ ಕಡೆಯ ಹಳ್ಳಿಗಳಲ್ಲಿ ಆಲಿಕಲ್ಲಿನ ಮಳೆಗೆ 'ಆನೆಕಲ್ಲು ಮಳೆ' ಎನ್ನುವ ರೂಢಿಯಿದೆ. ಏಪ್ರಿಲ್-ಮೇ ತಿಂಗಳ ಸುಡುಬಿಸಿಲಿನ ಮಧ್ಯಾಹ್ನ ಇದ್ದಕ್ಕಿದ್ದಂತೆ ಮೋಡ ಕಟ್ಟಿ, ಗುಡುಗಿ, ಹೆಂಚಿನ ಮೇಲೆ ಪಟಪಟನೆ ಬೀಳುವ ಆ ಬಿಳಿಯ ಗುಂಡುಗಳನ್ನು ಆಯ್ದು ಬಾಯಿಗೆ ಹಾಕಿಕೊಳ್ಳದ ಮಕ್ಕಳಿಲ್ಲ. ಆನೇಕಲ್ ಎಂಬ ಊರಿನ ಹೆಸರಿಗೆ ಹಿರಿಯರು ಬೇರೆ ಬೇರೆ ಅರ್ಥ ಹೇಳುತ್ತಾರೆ. ಅವುಗಳಲ್ಲಿ ಆಲಿಕಲ್ಲಿನ ಅರ್ಥವೂ ಒಂದು. ಯೋಬನ ಗ್ರಂಥದಲ್ಲಿ ದೇವರು ಯೋಬನನ್ನು ಪ್ರಶ್ನಿಸುವಾಗ ಹಿಮದ ಕಣಜವನ್ನೂ ಆಲಿಕಲ್ಲಿನ ಉಗ್ರಾಣವನ್ನೂ ಪ್ರಸ್ತಾಪಿಸುತ್ತಾರೆ. ಅಂಥದೊಂದು ಉಗ್ರಾಣದ ಬಾಗಿಲಿಗೆ, ಐವತ್ತು ದಾಟಿದ ಈ ವಯಸ್ಸಿನಲ್ಲಿ, ಆನೇಕಲ್ಲಿನ ಒಂದು ಕುಟುಂಬದೊಂದಿಗೆ ಹೋಗಿಬರುವ ಭಾಗ್ಯ ನನಗೆ 2025ರ ಜೂನ್ ತಿಂಗಳಲ್ಲಿ ಒದಗಿತು.

ಆ ಕುಟುಂಬದ ಹಿರಿಯ ದಂಪತಿಗಳಿಗೆ ಅದು ವಿವಾಹದ ಸುವರ್ಣ ಮಹೋತ್ಸವದ ವರ್ಷ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಆರಂಭಿಸಿ ಈಗ ಕೆನಡಾದ ವ್ಯಾಂಕೂವರಿನಲ್ಲಿ ನೆಲೆಸಿರುವ ಅವರ ಮಗ, ತಂದೆತಾಯಿಯರನ್ನು ಅಲಾಸ್ಕದ ವಿಹಾರನೌಕೆಯಲ್ಲಿ ಏಳು ದಿನ ಕರೆದೊಯ್ಯಬೇಕೆಂದು ಬಯಸಿದ. ಆ ದಿನ ಅವರಿಗಾಗಿ ಬಲಿಪೂಜೆ ಅರ್ಪಿಸಲು, ಕನ್ನಡದಲ್ಲಿ ನಾಲ್ಕು ಮಾತನಾಡಲು ನಾನೂ ಜೊತೆಗಿರಬೇಕೆಂಬುದು ತಾಯಿಯ ಆಸೆ. ಆಕೆ ಅದುವರೆಗೆ ಕಂಡಿದ್ದ ಸಮುದ್ರವೆಂದರೆ ವೇಳಾಂಗಣಿಯ ಸಮುದ್ರ ಮಾತ್ರ. ನಾನೂ ಹಡಗು ಹತ್ತಿದವನಲ್ಲ. ಗುರುಮಠದಲ್ಲಿ ಧರ್ಮಸಭೆಯ ಚರಿತ್ರೆ ಓದುವಾಗ ಹಡಗೇರಿ ಬಂದ ಧರ್ಮಪ್ರಚಾರಕರ ಕಥೆಗಳನ್ನು ಕೇಳಿದ್ದೆ, ಅಷ್ಟೇ.

ಪ್ರಿಯ ವಾಚಕರೇ, ಇದು ಪ್ರವಾಸದ ವರ್ಣನೆಯಲ್ಲ. ಅಲ್ಲಿನ ಬೆಟ್ಟ, ಕಾಡು, ಹಿಮ ಎಷ್ಟು ಸುಂದರ ಎಂಬುದನ್ನು ಚಿತ್ರಗಳು ನನಗಿಂತ ಚೆನ್ನಾಗಿ ಹೇಳುತ್ತವೆ. ಆದರೆ ಆ ನೀರಿನ ಮೇಲೆ ನಮಗಿಂತ ಮೊದಲು ಯಾರು ಯಾರು, ಯಾವ ಯಾವ ಸ್ಥಿತಿಯಲ್ಲಿ ಹಾದುಹೋದರು ಎಂಬುದನ್ನು ಚಿತ್ರಗಳು ಹೇಳುವುದಿಲ್ಲ. ಅದನ್ನು ಹೇಳುವುದು ಚರಿತ್ರೆಯ ಕೆಲಸ.

ಎರಡು ಹಡಗುಗಳು ಬಂದ ಬಂದರು

ವ್ಯಾಂಕೂವರ್ ನಗರದ ಬಂದರು ಬರಾರ್ಡ್ ಇನ್ಲೆಟ್ ಎಂಬ ಕಡಲಚಾಚಿನಲ್ಲಿದೆ. ಮೂರು ಕಡೆ ನಗರ, ಕಾಡು. ಎದುರಿಗೆ ಜೂನ್ ತಿಂಗಳಲ್ಲೂ ತುದಿಯಲ್ಲಿ ಬಿಳುಪು ಉಳಿಸಿಕೊಂಡ ಬೆಟ್ಟಗಳು. ನಮ್ಮ ಹಡಗು ಹತ್ತು ಹನ್ನೆರಡು ಅಂತಸ್ತಿನ ಕಟ್ಟಡದಂತೆ ದಡಕ್ಕೆ ಒರಗಿ ನಿಂತಿತ್ತು. ಪಾಸ್‌ಪೋರ್ಟು ತೋರಿಸಿ, ಬೆರಳಚ್ಚು ಕೊಟ್ಟು, ಒಂದು ಗಂಟೆಯೊಳಗೆ ನಾವು ಹಡಗಿನ ಮೇಲಿದ್ದೆವು. ತಂದೆಯವರು ಮೇಲಂತಸ್ತಿನ ಕಂಬಿಗೆ ಒರಗಿ, "ಇಷ್ಟು ಸಲೀಸಾಗಿ ಒಳಗೆ ಬಿಡ್ತಾರಾ ಸ್ವಾಮಿ?" ಎಂದು ಕೇಳಿದರು. ಆ ಪ್ರಶ್ನೆಗೆ ಉತ್ತರವಾಗಿ ನಾನು ಎರಡು ಹಡಗುಗಳ ಕಥೆ ಹೇಳಬೇಕಾಯಿತು.

ಮೊದಲನೆಯದು 1893ರದು. ಆ ವರ್ಷ ಮೇ 31ರಂದು ಮುಂಬಯಿಯಿಂದ ಹೊರಟ ಸ್ವಾಮಿ ವಿವೇಕಾನಂದರು ಜಪಾನಿನ ಮೂಲಕ ಪೆಸಿಫಿಕ್ ಸಾಗರ ದಾಟಿ, 'ಎಂಪ್ರೆಸ್ ಆಫ್ ಇಂಡಿಯಾ' ಎಂಬ ಹಡಗಿನಲ್ಲಿ ಜುಲೈ 25ರಂದು ಇದೇ ವ್ಯಾಂಕೂವರಿಗೆ ಬಂದಿಳಿದರು. ಅದಕ್ಕೆ ಹಿಂದಿನ ವರ್ಷ ಅವರು ಮೈಸೂರಿನಲ್ಲಿ ಮಹಾರಾಜ ಚಾಮರಾಜೇಂದ್ರ ಒಡೆಯರ ಆದರಾತಿಥ್ಯ ಪಡೆದಿದ್ದರು. ಉತ್ತರದ ಕಡಲಿನ ಚಳಿ ಎಂಥದೆಂದು ತಿಳಿಯದೆ, ತಕ್ಕ ಉಣ್ಣೆಯ ಬಟ್ಟೆಯಿಲ್ಲದೆ ಅವರು ಹಡಗಿನಲ್ಲಿ ನಡುಗಿದರು. ಆದರೂ ಅವರನ್ನು ಯಾರೂ ತಡೆಯಲಿಲ್ಲ. ಇಳಿದು, ರೈಲು ಹತ್ತಿ, ಚಿಕಾಗೋ ಕಡೆಗೆ ಹೊರಟರು.

ಎರಡನೆಯದು 1914ರದು. ಆ ಹಡಗಿನ ಹೆಸರು 'ಕೊಮಗಾಟ ಮಾರು'. ಗುರುದಿತ್ ಸಿಂಗ್ ಎಂಬುವರು ಬಾಡಿಗೆಗೆ ಪಡೆದ ಆ ಜಪಾನೀ ಹಡಗಿನಲ್ಲಿ 376 ಮಂದಿ ಭಾರತೀಯರಿದ್ದರು. ಅವರಲ್ಲಿ ಬಹುಪಾಲು ಪಂಜಾಬಿನ ಸಿಖ್ಖರು. ಕೆಲವರು ಮುಸಲ್ಮಾನರು, ಕೆಲವರು ಹಿಂದೂಗಳು. ಏಪ್ರಿಲ್ 4ರಂದು ಹಾಂಗ್‌ಕಾಂಗ್ ಬಿಟ್ಟು ಮೇ 23ರಂದು ಅವರು ಬರಾರ್ಡ್ ಇನ್ಲೆಟ್ ತಲುಪಿದರು. ಎಲ್ಲರೂ ಬ್ರಿಟಿಷ್ ಸಾಮ್ರಾಜ್ಯದ ಪ್ರಜೆಗಳೇ. ಕೆನಡಾವೂ ಅದೇ ಸಾಮ್ರಾಜ್ಯದ್ದೇ. ಆದರೆ 1908ರಲ್ಲಿ ಕೆನಡಾ ಸರ್ಕಾರ ಒಂದು ನಿಯಮ ಮಾಡಿತ್ತು: ವಲಸೆ ಬರುವವನು ತನ್ನ ದೇಶದಿಂದ ನಡುವೆ ಎಲ್ಲೂ ಹಡಗು ಬದಲಿಸದೆ ನೇರವಾಗಿ ಬರಬೇಕು. ಭಾರತದಿಂದ ಕೆನಡಾಕ್ಕೆ ನೇರ ಹಡಗು ಇರಲೇ ಇಲ್ಲ. ಇದರ ಮೇಲೆ, ಏಷ್ಯಾದಿಂದ ಬರುವವನ ಕೈಯಲ್ಲಿ 200 ಡಾಲರ್ ಇರಬೇಕೆಂಬ ಷರತ್ತು ಬೇರೆ. ಭಾರತೀಯರು ಬರಬಾರದು ಎಂದು ಬಾಯಿಬಿಟ್ಟು ಹೇಳದೆ ಬಾಗಿಲು ಹಾಕುವ ಉಪಾಯವದು.

ಆ ಹಡಗನ್ನು ದಡಕ್ಕೆ ಬರಗೊಡಲಿಲ್ಲ. ಕಣ್ಣಳತೆಯ ದೂರದಲ್ಲಿ ನಗರ, ಅಂಗಡಿ, ಗಿರಣಿಗಳ ಹೊಗೆ. ಹಡಗಿನಲ್ಲಿ ಕುಡಿಯುವ ನೀರಿಗೂ ಅನ್ನಕ್ಕೂ ಅಭಾವ. ಎರಡು ತಿಂಗಳು ಹಾಗೆ ಕಳೆಯಿತು. ದಡದಲ್ಲಿ ಮೊದಲೇ ನೆಲೆಸಿದ್ದ ಭಾರತೀಯರು, ಹೆಚ್ಚಿನವರು ಮರದ ಗಿರಣಿಗಳಲ್ಲಿ ದುಡಿಯುವವರು, ಚಂದಾ ಎತ್ತಿ ವಕೀಲರನ್ನು ಹಿಡಿದು ಹೋರಾಡಿದರು. ಕೊನೆಗೆ, ಹಿಂದೆ ಅಲ್ಲಿ ವಾಸವಾಗಿದ್ದ ಇಪ್ಪತ್ತು ಚಿಲ್ಲರೆ ಮಂದಿಯನ್ನು ಮಾತ್ರ ಇಳಿಸಿಕೊಂಡು, ಉಳಿದವರನ್ನು ಜುಲೈ 23ರಂದು ಯುದ್ಧನೌಕೆಯ ಕಾವಲಿನಲ್ಲಿ ಹಿಂದಕ್ಕಟ್ಟಲಾಯಿತು. ಸೆಪ್ಟೆಂಬರ್ 29ರಂದು ಕಲ್ಕತ್ತೆಯ ಸಮೀಪದ ಬಜ್‌ಬಜ್‌ನಲ್ಲಿ ಇಳಿದಾಗ ಪೊಲೀಸರ ಗುಂಡಿಗೆ ಸುಮಾರು ಇಪ್ಪತ್ತು ಮಂದಿ ಬಲಿಯಾದರು. 102 ವರ್ಷಗಳ ನಂತರ, 2016ರ ಮೇ 18ರಂದು, ಕೆನಡಾದ ಪ್ರಧಾನಿ ಜಸ್ಟಿನ್ ಟ್ರುಡೊ ಅಲ್ಲಿನ ಸಂಸತ್ತಿನಲ್ಲಿ ಇದಕ್ಕಾಗಿ ಕ್ಷಮೆ ಕೇಳಿದರು.

ನಮ್ಮ ಹಡಗು ಕೂಗು ಹಾಕಿ ಹೊರಟಿತು. ಮೇಲಂತಸ್ತಿನಲ್ಲಿ ಸಂಗೀತ, ಫಲಹಾರ. ತಂದೆಯವರು ಮಾತ್ರ ಆ ನೀರನ್ನೇ ನೋಡುತ್ತ ಬಹಳ ಹೊತ್ತು ನಿಂತಿದ್ದರು.

ಒಳಗಡಲಿನ ದಾರಿ

ವ್ಯಾಂಕೂವರಿನಿಂದ ಉತ್ತರಕ್ಕೆ, ದ್ವೀಪಗಳ ಸಾಲು ತೆರೆದ ಸಾಗರದ ಹೊಡೆತವನ್ನು ತಡೆದು ನಿಲ್ಲಿಸಿರುವುದರಿಂದ, ದ್ವೀಪಕ್ಕೂ ನೆಲಕ್ಕೂ ನಡುವೆ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಶಾಂತವಾದ ಒಂದು ಜಲಮಾರ್ಗ ಏರ್ಪಟ್ಟಿದೆ. ಅದನ್ನು 'ಇನ್‌ಸೈಡ್ ಪ್ಯಾಸೇಜ್', ಎಂದರೆ ಒಳದಾರಿ ಎನ್ನುತ್ತಾರೆ. ಎರಡೂ ಕಡೆ ನೀರಿನಂಚಿನಿಂದಲೇ ಮೇಲೇಳುವ ಕಪ್ಪುಹಸಿರು ಕಾಡು, ಅದರ ಮೇಲೆ ಬಂಡೆ, ಬಂಡೆಯ ಮೇಲೆ ಹಿಮ. ರಾತ್ರಿ ಹತ್ತಾದರೂ ಬೆಳಕು ಆರುವುದಿಲ್ಲ. ಜೂನ್ ತಿಂಗಳಾದರೂ ಗಾಳಿ ಹತ್ತು ಡಿಗ್ರಿಯ ಆಸುಪಾಸು. ತಾಯಿ ಎರಡು ಸ್ವೆಟರಿನ ಮೇಲೆ ಶಾಲು ಹೊದ್ದು, "ನಮ್ಮ ಡಿಸೆಂಬರನ್ನು ಹತ್ತು ಸಲ ಮಡಿಚಿ ಇಟ್ಟ ಹಾಗಿದೆ" ಎಂದರು.

ಈ ದಾರಿಯನ್ನು ಅಳೆದು ನಕ್ಷೆ ಬರೆದವನು ಇಂಗ್ಲೆಂಡಿನ ನೌಕಾ ಅಧಿಕಾರಿ ಜಾರ್ಜ್ ವ್ಯಾಂಕೂವರ್. 1792ರಿಂದ 1794ರವರೆಗೆ, ಮೂರು ಬೇಸಿಗೆ, ಅವನ ಜನರು ಸಣ್ಣ ದೋಣಿಗಳಲ್ಲಿ ಹುಟ್ಟು ಹಾಕುತ್ತ ಪ್ರತಿಯೊಂದು ಕೊಲ್ಲಿಯನ್ನೂ ಹೊಕ್ಕು ನೋಡಿದರು. ಅದೇ 1792ರ ಮಾರ್ಚ್ ತಿಂಗಳಲ್ಲಿ ನಮ್ಮ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನನು ಅರ್ಧ ರಾಜ್ಯವನ್ನೂ ಇಬ್ಬರು ಮಕ್ಕಳನ್ನು ಒತ್ತೆಯಾಗಿಯೂ ಕೊಟ್ಟು ಒಪ್ಪಂದಕ್ಕೆ ಸಹಿ ಹಾಕಿದ್ದ. ಭೂಮಿಯ ಎರಡು ಕೊನೆಗಳಲ್ಲಿ ಒಂದೇ ಸಾಮ್ರಾಜ್ಯದ ಎರಡು ಕೈಗಳು ದುಡಿಯುತ್ತಿದ್ದವು. ಒಂದು ಕತ್ತಿ ಹಿಡಿದಿತ್ತು, ಇನ್ನೊಂದು ಅಳತೆಯ ಹಗ್ಗ ಹಿಡಿದಿತ್ತು.

ಅಳೆದವರಿಗೆ ಅದು ಹೊಸ ನಾಡು, ಅಲ್ಲಿದ್ದವರಿಗೆ ಅಲ್ಲ. ಸಾವಿರಾರು ವರ್ಷಗಳಿಂದ ತ್ಲಿಂಗಿತ್, ಹೈಡಾ ಮೊದಲಾದ ಜನಾಂಗಗಳು ದೇವದಾರು ಜಾತಿಯ ಮರದ ದೊಡ್ಡ ದೋಣಿಗಳಲ್ಲಿ ಈ ಒಳದಾರಿಯನ್ನು ಬಳಸುತ್ತಿದ್ದವು. ಪ್ರತಿ ಕೊಲ್ಲಿಗೂ ಒಬ್ಬ ಒಡೆಯನಿದ್ದ, ಪ್ರತಿ ಮೀನಿನ ಹೊಳೆಗೂ ಒಂದು ಮನೆತನದ ಹಕ್ಕಿತ್ತು. ಆ ಮನೆತನಗಳ ಕಥೆಯನ್ನೇ ಕಂಬಗಳ ಮೇಲೆ ಕೆತ್ತಿ ನಿಲ್ಲಿಸುತ್ತಿದ್ದರು. ನಾವು ಮೊದಲು ಇಳಿದ ಕೆಚಿಕನ್ ಪಟ್ಟಣದಲ್ಲಿ ಅಂಥ ಕಂಬಗಳನ್ನು ನೋಡಿದಾಗ ತಾಯಿಗೆ ನಮ್ಮ ಊರುಗಳ ವೀರಗಲ್ಲುಗಳ ನೆನಪಾಯಿತು.

ಹಡಗಿನಲ್ಲಿ ಕೆಲಸ ಮಾಡುವವರೆಲ್ಲರ ಎದೆಯ ಮೇಲೆ ಹೆಸರು ಮತ್ತು ದೇಶ ಬರೆದ ಸಣ್ಣ ಪಟ್ಟಿಯಿರುತ್ತದೆ. ಫಿಲಿಪ್ಪೀನ್ಸ್, ಇಂಡೋನೇಷ್ಯಾ, ಭಾರತ: ಈ ಮೂರೇ ಹೆಚ್ಚು. ಎರಡನೆಯ ದಿನ ಊಟದ ಮನೆಯಲ್ಲಿ ನೀರು ಬಡಿಸುತ್ತಿದ್ದ ಹುಡುಗನೊಬ್ಬ ನಮ್ಮ ಮಾತು ಕೇಳಿ ನಿಂತುಬಿಟ್ಟ. ಅವನು ಮಂಗಳೂರಿನವನು. ಮನೆ ಬಿಟ್ಟು ಏಳು ತಿಂಗಳಾಗಿತ್ತು. ತಾಯಿ ಅವನ ಕೈ ಹಿಡಿದುಕೊಂಡು, "ಊಟ ಮಾಡ್ದೇನಪ್ಪಾ?" ಎಂದು ಕೇಳಿದಾಗ ಅವನು ಉತ್ತರಿಸಲಾರದೆ ನಕ್ಕ. ಎಲ್ಲರಿಗೂ ಬಡಿಸುವವನನ್ನು ಆ ಪ್ರಶ್ನೆ ಕೇಳುವವರು ಅಪರೂಪವೇನೋ. ಅವನ ಮೂಲಕವೇ ಸಿಬ್ಬಂದಿಯವರಿಗಾಗಿ ರಾತ್ರಿ ಹನ್ನೊಂದಕ್ಕೆ, ಪಾತ್ರೆಗಳೆಲ್ಲ ತೊಳೆದು ಮುಗಿದ ಮೇಲೆ, ಬಲಿಪೂಜೆ ಅರ್ಪಿಸುವ ಏರ್ಪಾಡಾಯಿತು. ಕಡಲ ಕೆಲಸಗಾರರ ಆತ್ಮಿಕ ಪೋಷಣೆಗೆಂದು 1920ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಆರಂಭವಾದ ಸೇವೆ ಇಂದು 'ಸ್ಟೆಲ್ಲಾ ಮಾರಿಸ್' ಎಂಬ ಹೆಸರಿನಲ್ಲಿ ಲೋಕದ ಬಂದರುಗಳಲ್ಲೆಲ್ಲ ಇದೆ ಎಂದು ಓದಿದ್ದೆ. ನಿದ್ದೆಗಣ್ಣಿನಲ್ಲಿ ಮಂಡಿಯೂರಿದ ನಲವತ್ತು ಯುವಕಯುವತಿಯರನ್ನು ಕಂಡಾಗ ಅದರ ಅರ್ಥವಾಯಿತು. ಮೇಲಂತಸ್ತಿನ ಗಾಜಿನಾಚೆ ನಾವು ಕಂಡ ಹಿಮವನ್ನು ಅವರಲ್ಲಿ ಹಲವರು ಆ ವಾರ ಕಂಡೇ ಇರಲಿಲ್ಲ.

ಚಿನ್ನದ ಊರು, ಸುಟ್ಟ ಊರು

1867ರಲ್ಲಿ ಅಮೆರಿಕವು ರಷ್ಯಾದಿಂದ ಅಲಾಸ್ಕವನ್ನು 72 ಲಕ್ಷ ಡಾಲರಿಗೆ ಕೊಂಡಿತು. ಮಾರಿದವರಿಗೂ ಕೊಂಡವರಿಗೂ ಲೆಕ್ಕ ಸರಿಹೋಯಿತು. ಅಲ್ಲಿ ವಾಸವಾಗಿದ್ದವರನ್ನು ಯಾರೂ ಕೇಳಲಿಲ್ಲ. ಮುಂದೆ 1880ರಲ್ಲಿ ಕೌವೀ ಎಂಬ ತ್ಲಿಂಗಿತ್ ಮುಖಂಡನು ದಾರಿ ತೋರಿಸಲು, ಜೋ ಜೂನೋ ಮತ್ತು ರಿಚರ್ಡ್ ಹ್ಯಾರಿಸ್ ಎಂಬಿಬ್ಬರು ಒಂದು ಹೊಳೆಯಲ್ಲಿ ಚಿನ್ನ ಕಂಡರು. ಅಲ್ಲಿ ಬೆಳೆದ ಪಟ್ಟಣಕ್ಕೆ ಜೂನೋನ ಹೆಸರು ಬಂತು. ಇಂದು ಅದು ಅಲಾಸ್ಕದ ರಾಜಧಾನಿ. ಅದೇ 1880ರಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಗೆ ಜಾನ್ ಟೇಲರ್ ಕಂಪನಿ ಕಾಲಿಟ್ಟಿತೆಂಬುದು ನೆನಪಾಗುತ್ತದೆ. ಜೂನೋದ ಎದುರಿನ ದ್ವೀಪದಲ್ಲಿದ್ದ ಟ್ರೆಡ್‌ವೆಲ್ ಗಣಿಗೆ 1917ರಲ್ಲಿ ಸಮುದ್ರದ ನೀರು ನುಗ್ಗಿ ಅದರ ಬಹುಭಾಗ ಮುಳುಗಿತು. ನಮ್ಮ ಕೆ.ಜಿ.ಎಫ್. 2001ರಲ್ಲಿ ಮುಚ್ಚಿತು. ನಮ್ಮ ಧರ್ಮಕೇಂದ್ರಗಳಲ್ಲಿ ಆ ಗಣಿಯ ಕುಟುಂಬಗಳಿಂದ ಬಂದವರು ಇಂದಿಗೂ ಎಷ್ಟೋ ಮಂದಿ ಇದ್ದಾರೆ. ಚಿನ್ನ ಹೋದ ಮೇಲೆ ಉಳಿಯುವುದೇನೆಂದು ಅವರನ್ನು ಕೇಳಿದರೆ ಸಾಕು.

ಜೂನೋದ ದಕ್ಷಿಣಕ್ಕೆ, ಅಡ್ಮಿರಾಲ್ಟಿ ದ್ವೀಪದ ಪಡುವಣ ದಂಡೆಯಲ್ಲಿ ಆಂಗೂನ್ ಎಂಬ ತ್ಲಿಂಗಿತ್ ಹಳ್ಳಿಯಿದೆ. ನಮ್ಮಂಥ ದೊಡ್ಡ ಹಡಗುಗಳು ಅಲ್ಲಿಗೆ ಹೋಗುವುದಿಲ್ಲ. ಆದರೆ ಆ ಹಳ್ಳಿಯ ಕಥೆಯಿಲ್ಲದೆ ಈ ವಿಹಾರದ ಚರಿತ್ರೆ ಪೂರ್ತಿಯಾಗದು. 1882ರ ಅಕ್ಟೋಬರಿನಲ್ಲಿ, ತಿಮಿಂಗಿಲ ಹಿಡಿಯುವ ಒಂದು ಕಂಪನಿಯಲ್ಲಿ ದುಡಿಯುತ್ತಿದ್ದ ತ್ಲಿಂಗಿತ್ ಜನಾಂಗದ ಗೌರವಾನ್ವಿತ ಹಿರಿಯನೊಬ್ಬ ಸ್ಫೋಟದ ಅವಘಡದಲ್ಲಿ ಸತ್ತ. ತಮ್ಮ ಪದ್ಧತಿಯಂತೆ ಊರವರು ಸಾವಿಗೆ ಪರಿಹಾರವಾಗಿ 200 ಕಂಬಳಿ ಕೇಳಿದರು. ಕೆಲಸ ನಿಲ್ಲಿಸಿ ಶೋಕಾಚರಣೆಗೆ ತೊಡಗಿದರು. ಕಂಪನಿಯವರು ಇದನ್ನು ದಂಗೆ ಎಂದು ನೌಕಾಪಡೆಗೆ ದೂರಿತ್ತರು. ನೌಕಾಪಡೆ ಬಂದು, ಪರಿಹಾರದ ಮಾತಿರಲಿ, ಊರವರೇ 400 ಕಂಬಳಿ ದಂಡ ತೆರಬೇಕೆಂದು ಆಜ್ಞೆ ಮಾಡಿತು. ಅಷ್ಟು ಕೊಡಲಾಗದಿದ್ದಾಗ, ಅಕ್ಟೋಬರ್ 26ರಂದು, ಹಳ್ಳಿಯ ಮೇಲೆ ಫಿರಂಗಿ ಹಾರಿಸಿತು. ಮನೆಗಳು ಸುಟ್ಟವು, ದೋಣಿಗಳು ನುಚ್ಚುನೂರಾದವು, ಚಳಿಗಾಲಕ್ಕೆಂದು ಕೂಡಿಟ್ಟ ಒಣಮೀನಿನ ದಾಸ್ತಾನು ಬೂದಿಯಾಯಿತು. ಆರು ಮಕ್ಕಳು ಹೊಗೆಯಿಂದ ಸತ್ತರೆಂದು ಆಂಗೂನಿನ ಜನ ತಲೆಮಾರಿನಿಂದ ತಲೆಮಾರಿಗೆ ಹೇಳುತ್ತ ಬಂದಿದ್ದಾರೆ. ಆ ಹೊತ್ತು ಊರಾಚೆ ಹೋಗಿದ್ದ ಒಂದೇ ಒಂದು ದೊಡ್ಡ ದೋಣಿ ಉಳಿಯಿತು. ಆ ಘೋರ ಚಳಿಗಾಲದಲ್ಲಿ ಊರನ್ನು ಸಾಕಿದ್ದು ಆ ದೋಣಿಯೇ.

ಇದಾಗಿ ಒಂದು ವರ್ಷವೂ ತುಂಬಿರಲಿಲ್ಲ. 1883ರ ಜುಲೈ ತಿಂಗಳಲ್ಲಿ ಕ್ಯಾಪ್ಟನ್ ಜೇಮ್ಸ್ ಕ್ಯಾರಲ್ ಎಂಬುವನು 'ಐಡಾಹೊ' ಎಂಬ ಉಗಿಹಡಗನ್ನು ಇದೇ ಒಳದಾರಿಯಲ್ಲಿ ನಡೆಸಿ, ಹಿಮನದಿಗಳ ಕೊಲ್ಲಿಯೊಳಕ್ಕೆ ಪ್ರವಾಸಿಗರನ್ನು ಕರೆದೊಯ್ದ. ಅವರಲ್ಲಿ ಎಲೈಜಾ ಸಿಡ್ಮೋರ್ ಎಂಬ ಪತ್ರಕರ್ತೆಯೂ ಇದ್ದಳು. ವಾಷಿಂಗ್ಟನ್ ನಗರದಲ್ಲಿ ಜಪಾನಿನ ಚೆರ್ರಿ ಮರಗಳನ್ನು ನೆಡಬೇಕೆಂದು ಮುಂದೆ ವರ್ಷಗಟ್ಟಲೆ ಒತ್ತಾಯಿಸಿದವಳೂ ಆಕೆಯೇ. ಅಲಾಸ್ಕದ ಬಗ್ಗೆ ಅವಳ ಪುಸ್ತಕ 1885ರಲ್ಲಿ ಹೊರಬಂತು. ಇಂದು ಪ್ರತಿ ಬೇಸಿಗೆಯಲ್ಲಿ ಲಕ್ಷಾಂತರ ಮಂದಿ ಕೈಗೊಳ್ಳುವ ಅಲಾಸ್ಕ ವಿಹಾರಕ್ಕೆ ನಾಂದಿ ಇಂಥ ಯಾತ್ರೆಗಳೇ. ಒಂದು ಬೇಸಿಗೆಯ ಆ ಪ್ರವಾಸಿಗರ ಕಣ್ಣಿಗೆ ಬಿದ್ದದ್ದು ಹಿಮದ ಬೆರಗು. ಅದೇ ನೀರಿನ ಇನ್ನೊಂದು ದಡದಲ್ಲಿ ಆಂಗೂನಿನವರು ಸುಟ್ಟ ಮನೆಗಳನ್ನು ಮತ್ತೆ ಕಟ್ಟುತ್ತಿದ್ದಿರಬೇಕು.

ಹಿಮದ ಬಾಗಿಲಲ್ಲಿ

ಐದನೆಯ ದಿನ ಬೆಳಗಿನ ಜಾವ ನಮ್ಮ ಹಡಗು ಆ ಕೊಲ್ಲಿಯನ್ನು ಪ್ರವೇಶಿಸಿತು. 'ಗ್ಲೇಷಿಯರ್ ಬೇ' ಎಂದು ಅದರ ಹೆಸರು. ದಿನಕ್ಕೆ ಎರಡು ವಿಹಾರನೌಕೆಗಳಿಗೆ ಮಾತ್ರ ಅಲ್ಲಿ ಅನುಮತಿ. ನೀರು ಹಸಿರುಬೂದು ಬಣ್ಣದ್ದು. ಅದರ ಮೇಲೆ ಮಂಜುಗಡ್ಡೆಯ ಚೂರುಗಳು ತೇಲುತ್ತಿದ್ದವು. "ಆನೆಕಲ್ಲು!" ಎಂದು ತಾಯಿ ಮಗುವಿನಂತೆ ಕೂಗಿದರು. ಒಂದೊಂದು ಚೂರು ನಮ್ಮ ದೇವಾಲಯದ ಪೀಠದಷ್ಟಿತ್ತು.

1794ರಲ್ಲಿ ವ್ಯಾಂಕೂವರನ ಜನರು ಇಲ್ಲಿಗೆ ಬಂದಾಗ ಇಂಥ ಕೊಲ್ಲಿಯೇ ಇರಲಿಲ್ಲ. ದಡದಲ್ಲಿ ಸುಮಾರು 5 ಮೈಲಿಯ ಒಂದು ತಗ್ಗು, ಅದರಾಚೆ ಹಿಮದ ಗೋಡೆ. 1879ರಲ್ಲಿ ಪ್ರಕೃತಿಶಾಸ್ತ್ರಜ್ಞ ಜಾನ್ ಮ್ಯೂರ್, ಹಾಲ್ ಯಂಗ್ ಎಂಬ ಪ್ರೆಸ್ಬಿಟೇರಿಯನ್ ಬೋಧಕರೊಂದಿಗೆ, ತ್ಲಿಂಗಿತ್ ಅಂಬಿಗರ ದೋಣಿಯಲ್ಲಿ ಬಂದಾಗ ಹಿಮವು 30 ಮೈಲಿಗಿಂತ ಹೆಚ್ಚು ಹಿಂದೆ ಸರಿದಿತ್ತು. 1899ರ ಸೆಪ್ಟೆಂಬರಿನ ಭೂಕಂಪದಲ್ಲಿ ಹಿಮನದಿಗಳು ಒಡೆದು, ಕೊಲ್ಲಿಯೆಲ್ಲ ಮಂಜುಗಡ್ಡೆ ತುಂಬಿಕೊಂಡು, ಪ್ರವಾಸಿ ಹಡಗುಗಳ ಸಂಚಾರ ವರ್ಷಗಟ್ಟಲೆ ನಿಂತಿತು. 1916ರ ಹೊತ್ತಿಗೆ ಹಿಮದ ಅಂಚು ಸುಮಾರು 60 ಮೈಲಿ ಒಳಕ್ಕೆ ಹೋಗಿತ್ತು. ನಮ್ಮ ಲೆಕ್ಕದಲ್ಲಿ ಬೆಂಗಳೂರಿನಿಂದ ಮಂಡ್ಯಕ್ಕೆ ಇರುವಷ್ಟು ದೂರ! ಈ ಹಿಂಜರಿತ ಮೊದಲಾದದ್ದು ನಿಸರ್ಗದ ಏರುಪೇರಿನಿಂದ ಎಂದು ವಿಜ್ಞಾನಿಗಳು ಹೇಳುತ್ತಾರೆ. ಆದರೆ ಇಂದು ಅಲಾಸ್ಕದ ಬಹುಪಾಲು ಹಿಮನದಿಗಳು ಕುಗ್ಗುತ್ತಿರುವುದಕ್ಕೆ ಮನುಷ್ಯ ಉಗುಳುವ ಹೊಗೆಯೇ ಮುಖ್ಯ ಕಾರಣ. ಆ ಹೊಗೆಯಲ್ಲಿ ನಮ್ಮ ಹಡಗಿನ ಪಾಲೂ ಇತ್ತು ಎಂಬುದನ್ನು ಮರೆಮಾಚಲಾರೆ.

ಮಾರ್ಜರಿ ಎಂಬ ಹಿಮನದಿಯ ಮುಂದೆ ಹಡಗು ನಿಂತಿತು. 1 ಮೈಲಿ ಅಗಲ, ನೀರಿನ ಮೇಲೆ ಸುಮಾರು 250 ಅಡಿ ಎತ್ತರದ ನೀಲಿಬಿಳುಪು ಗೋಡೆ. ಎಲ್ಲರೂ ಮೌನವಾದರು. ಒಮ್ಮೆಲೇ ಒಂದು ಪಾರ್ಶ್ವ ಕಳಚಿ ನೀರಿಗೆ ಬಿತ್ತು. ಬಿದ್ದುದು ಕಂಡ ಎಷ್ಟೋ ಹೊತ್ತಿನ ಮೇಲೆ ಅದರ ಸದ್ದು ಬಂತು. ತ್ಲಿಂಗಿತ್ ಜನ ಆ ಸದ್ದಿಗೆ 'ಬಿಳಿಯ ಗುಡುಗು' ಎನ್ನುತ್ತಾರೆ. ನಾನು ಶಿಲುಬೆಯ ಗುರುತು ಮಾಡಿಕೊಂಡೆ. ಪಕ್ಕದಲ್ಲಿ ತಾಯಿ ಜಪಮಾಲೆ ಹಿಡಿದಿದ್ದರು.

ಆ ಕೊಲ್ಲಿ ಹೂನಾ ತ್ಲಿಂಗಿತ್ ಜನರ ಮೂಲಸ್ಥಾನ. ಹದಿನೆಂಟನೆಯ ಶತಮಾನದಲ್ಲಿ ಹಿಮನದಿ ಮುನ್ನುಗ್ಗಿ ಬಂದು ಅವರ ಊರುಗಳನ್ನು ನುಂಗಿತು. ಅವರು ದಕ್ಷಿಣಕ್ಕೆ ಸರಿದು ಹೂನಾದಲ್ಲಿ ನೆಲೆಯೂರಿದರು. ಹಿಮ ಹಿಂದೆ ಸರಿದಂತೆಲ್ಲ ಮೀನಿಗೆ, ಬೇಟೆಗೆ, ಕಡಲಹಕ್ಕಿಯ ಮೊಟ್ಟೆಗೆಂದು ಮತ್ತೆ ಬರತೊಡಗಿದರು. ಆದರೆ 1925ರಲ್ಲಿ ಸರ್ಕಾರ ಆ ಪ್ರದೇಶವನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿತು, 1980ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ನಿಸರ್ಗವನ್ನು ಕಾಯುವ ಸದುದ್ದೇಶದ ನಿಯಮಗಳು ಅವರ ಬೇಟೆಗೂ ಮೊಟ್ಟೆಗೂ ಒಂದೊಂದಾಗಿ ಅಡ್ಡ ಬಂದವು. ಮೊಟ್ಟೆ ಆಯುವ ಹಕ್ಕು ಕಾನೂನಿನ ಮೂಲಕ ಮರಳಿದ್ದು 2014ರಲ್ಲಿ. 2016ರ ಆಗಸ್ಟಿನಲ್ಲಿ, ಉದ್ಯಾನದ ಬಾಗಿಲಲ್ಲೇ, ಅವರ ಮನೆತನಗಳ ಸಾಮೂಹಿಕ ಮನೆಯೊಂದು ಮತ್ತೆ ಎದ್ದು ನಿಂತಿತು.

ಇದನ್ನು ನಾನು ವಿವರಿಸುತ್ತಿದ್ದಾಗ ತಂದೆಯವರು ನಿಧಾನವಾಗಿ ಹೇಳಿದರು: "ಅವರನ್ನ ಒಂದು ಸಲ ಮಂಜು ತಳ್ತು, ಇನ್ನೊಂದು ಸಲ ಕಾಗದ ತಳ್ತು. ನಮ್ಮನ್ನ ಕಾಗದವೊಂದೇ ತಳ್ತು, ಸ್ವಾಮಿ."

ಈ ಮಾತಿನ ಹಿನ್ನೆಲೆಯನ್ನು ಹೇಳಬೇಕು. ಅವರದು ಆನೇಕಲ್ ತಾಲ್ಲೂಕಿನ ಒಕ್ಕಲು ಮನೆತನ. ರಾಗಿ, ಅವರೆ ಬೆಳೆಯುತ್ತಿದ್ದ ಮೂರು ಎಕರೆ ಹೊಲ ನಲವತ್ತು ವರ್ಷಗಳ ಹಿಂದೆ ಕೈಗಾರಿಕಾ ಪ್ರದೇಶಕ್ಕೆ ಹೋಯಿತು. ಹೊಲವಿದ್ದ ಜಾಗದ ಪಕ್ಕದಲ್ಲೇ ಎದ್ದ ಕಾರ್ಖಾನೆಯಲ್ಲಿ ಅವರು ಸಹಾಯಕನಾಗಿ ಸೇರಿದರು. ಆ ಸಂಬಳದಿಂದಲೇ ಮಗ ಓದಿದ, ಎಂಜಿನಿಯರಾದ, ಇಂದು ತಂದೆಯನ್ನು ಈ ಹಡಗಿಗೆ ಕರೆತಂದ. ಇದನ್ನು ಅವರು ಮರೆತವರಲ್ಲ. "ಹೊಲ ಹೋಗದೇ ಇದ್ದಿದ್ರೆ ನಾನು ಇಲ್ಲಿಗೆ ಬರ್ತಿರಲಿಲ್ಲ, ಅದೂ ನಿಜ" ಎಂದು ಅವರೇ ಮಾತು ಮುಗಿಸಿದರು. ಮಗ ಏನೂ ಹೇಳದೆ ತಂದೆಯ ಹೆಗಲ ಮೇಲಿಂದ ಜಾರಿದ್ದ ಶಾಲನ್ನು ಸರಿಪಡಿಸಿದ. ಚರಿತ್ರೆಯ ಲಾಭ-ನಷ್ಟಗಳು ಒಂದೇ ಮನೆಯೊಳಗೆ, ಒಂದೇ ಎದೆಯೊಳಗೆ ಹೀಗೆ ಕೂಡಿ ಬಾಳುತ್ತವೆ.

ಕ್ಷಮೆಯ ನಂತರ

2024ರ ಅಕ್ಟೋಬರ್ 26ರಂದು, ಫಿರಂಗಿ ಹಾರಿಸಿದ ದಿನದಿಂದ ಸರಿಯಾಗಿ 142 ವರ್ಷಗಳಿಗೆ, ಅಮೆರಿಕದ ನೌಕಾಪಡೆ ಆಂಗೂನಿಗೆ ಬಂದು ಆ ಊರಿನ ಜನರ ಮುಂದೆ ಕ್ಷಮೆ ಕೇಳಿತು. ಅದಕ್ಕೆ ಮೊದಲು, 1973ರಲ್ಲಿ, ಸರ್ಕಾರ 90,000 ಡಾಲರ್ ಪರಿಹಾರ ಕೊಟ್ಟಿತ್ತು. ಆದರೆ ತಪ್ಪಾಯಿತೆಂಬ ಮಾತು ಬಂದಿರಲಿಲ್ಲ. ಊರವರು ಕಾದದ್ದು ಆ ಮಾತಿಗಾಗಿ.

ಇಲ್ಲಿ ನಮ್ಮ ಧರ್ಮಸಭೆಯ ಪಾಲನ್ನು ಬಿಟ್ಟು ಮಾತನಾಡಿದರೆ ಅದು ಪ್ರಾಮಾಣಿಕವಾಗದು. ಕೆನಡಾದಲ್ಲಿ ಮೂಲನಿವಾಸಿಗಳ ಮಕ್ಕಳನ್ನು ತಂದೆತಾಯಿಯರಿಂದ ಬೇರ್ಪಡಿಸಿ, ಅವರ ಭಾಷೆಯನ್ನೂ ಪದ್ಧತಿಯನ್ನೂ ಬಿಡಿಸಿದ ವಸತಿಶಾಲೆಗಳಲ್ಲಿ 1,50,000ಕ್ಕೂ ಹೆಚ್ಚು ಮಕ್ಕಳು ಓದಿದರು. ಎಷ್ಟೋ ಮಂದಿ ಮನೆಗೆ ಹಿಂದಿರುಗಲೇ ಇಲ್ಲ. ಅವುಗಳಲ್ಲಿ ಹೆಚ್ಚಿನ ಶಾಲೆಗಳನ್ನು ನಡೆಸಿದ್ದು ಕಥೋಲಿಕ ಸಂಸ್ಥೆಗಳೇ. 2022ರ ಜುಲೈ 25ರಂದು ಜಗದ್ಗುರು ಪೋಪ್ ಫ್ರಾನ್ಸಿಸ್ ಅವರು ಕೆನಡಾದ ಮಾಸ್ಕ್ವಾಸಿಸ್ ಎಂಬಲ್ಲಿ, ಗಾಲಿಕುರ್ಚಿಯಲ್ಲಿ ಕುಳಿತು, ಆ ಜನರ ಮುಂದೆ ಕ್ಷಮೆ ಯಾಚಿಸಿದರು. ನಮ್ಮ ಈ ಪ್ರಯಾಣಕ್ಕೆ ಎರಡು ತಿಂಗಳು ಮೊದಲು, 2025ರ ಏಪ್ರಿಲ್ 21ರಂದು, ಅವರು ದೈವಾಧೀನರಾದರು. ಆ ರಾತ್ರಿ ಸಿಬ್ಬಂದಿಯವರೊಂದಿಗೆ ಅವರಿಗಾಗಿಯೂ ಪ್ರಾರ್ಥಿಸಿದೆವು.

ನಾವು ಧರ್ಮೋಪದೇಶದ ತರಗತಿಯಲ್ಲಿ ಮಕ್ಕಳಿಗೆ ಕಲಿಸುತ್ತೇವೆ: ಪಾಪನಿವೇದನೆ ಎಂದರೆ ಬಾಯಲ್ಲಿ ಹೇಳಿ ಮುಗಿಸುವುದಲ್ಲ. ಆತ್ಮಶೋಧನೆ ಮೊದಲು, ಪಶ್ಚಾತ್ತಾಪ ನಂತರ, ನಿವೇದನೆ ಆಮೇಲೆ, ಕೊನೆಗೆ ಪ್ರಾಯಶ್ಚಿತ್ತ. ರಾಷ್ಟ್ರಗಳ ವಿಷಯದಲ್ಲೂ ಅದೇ ಕ್ರಮ. ನೂರು ವರ್ಷದ ಮೇಲೆ ದೊರೆತ ಕ್ಷಮೆಯಾಚನೆಯಿಂದ ಬಜ್‌ಬಜ್‌ನಲ್ಲಿ ಸತ್ತವರು ಏಳುವುದಿಲ್ಲ, ಆಂಗೂನಿನ ಮಕ್ಕಳು ಮರಳುವುದಿಲ್ಲ. ಆದರೆ ಮುಂದಿನ ಹಡಗನ್ನು ಹೇಗೆ ಬರಮಾಡಿಕೊಳ್ಳಬೇಕು ಎಂಬುದನ್ನು ಅದು ಕಲಿಸಬಲ್ಲುದು. ಕಲಿಸದಿದ್ದರೆ ಆ ಕ್ಷಮೆಗೆ ಅರ್ಥವಿಲ್ಲ.

ನಮ್ಮ ಊರಿಗೂ ಹಡಗುಗಳು ಬರುತ್ತಿವೆ, ಪ್ರಿಯರೇ. ಅವು ನೀರಿನ ಮೇಲೆ ಬರುವುದಿಲ್ಲ. ರೈಲಿನಲ್ಲಿ ಬೆಂಗಳೂರಿಗೆ, ಅಲ್ಲಿಂದ ಬಸ್ಸಿನಲ್ಲಿ ಬೊಮ್ಮಸಂದ್ರಕ್ಕೆ, ಜಿಗಣಿಗೆ, ಅತ್ತಿಬೆಲೆಗೆ ಬರುತ್ತವೆ. ಒಡಿಶಾ, ಜಾರ್ಖಂಡ್, ಬಿಹಾರ, ಅಸ್ಸಾಮುಗಳಿಂದ ಬಂದ ಹುಡುಗರು ಕಾರ್ಖಾನೆಗಳಲ್ಲಿ ಪಾಳಿಯ ಮೇಲೆ ದುಡಿದು, ತಗಡಿನ ಸೂರಿನ ಸಾಲುಕೋಣೆಗಳಲ್ಲಿ ಐದಾರು ಮಂದಿ ಒಟ್ಟಿಗೆ ಮಲಗುತ್ತಾರೆ. ಆ ಕೋಣೆಗಳ ಬಾಡಿಗೆ ಪಡೆಯುವವರಲ್ಲಿ ನಮ್ಮ ಧರ್ಮಕೇಂದ್ರಗಳ ಕುಟುಂಬಗಳೂ ಇವೆ. ಅವರಲ್ಲಿ ಕೆಲವರು ಭಾನುವಾರ ನಮ್ಮ ದೇವಾಲಯದ ಹಿಂದಿನ ಸಾಲಿನಲ್ಲಿ ನಿಂತು, ಭಾಷೆ ತಿಳಿಯದಿದ್ದರೂ ಬಲಿಪೂಜೆಯಲ್ಲಿ ಭಾಗವಹಿಸಿ ಹೋಗುತ್ತಾರೆ. ಅವರ ಹೆಸರು ನಮಗೆಷ್ಟು ಮಂದಿಗೆ ಗೊತ್ತು?

ಈ ಪ್ರಶ್ನೆಯನ್ನು ನಾನು ಪ್ರಸಂಗದಲ್ಲಿ ಕೇಳುವುದಕ್ಕಿಂತ ಮೊದಲೇ ತಾಯಿ ಅದಕ್ಕೆ ಉತ್ತರ ಕಂಡುಕೊಂಡಿದ್ದರು. ಊರಿಗೆ ಮರಳಿದ ಮರುವಾರ ನಾನು ಅವರ ಮನೆಗೆ ಹೋದೆ. ಅವರ ಮನೆಯ ಹಿಂದೆ ಬಾಡಿಗೆಗೆ ಕೊಟ್ಟ ನಾಲ್ಕು ಕೋಣೆಗಳಿವೆ. ಅಲ್ಲಿದ್ದವರನ್ನು ಆಕೆ ಇಷ್ಟು ವರ್ಷ 'ಹಿಂದಿಯವರು' ಎಂದಷ್ಟೇ ಕರೆಯುತ್ತಿದ್ದರು. ಆ ದಿನ ಆಕೆ ಒಂದು ತಟ್ಟೆಯಲ್ಲಿ ಕಜ್ಜಾಯವಿಟ್ಟುಕೊಂಡು, ಮೊಮ್ಮಗಳ ಶಾಲೆಯ ನೋಟುಪುಸ್ತಕವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಆ ಕೋಣೆಗಳ ಬಾಗಿಲಲ್ಲಿ ನಿಂತಿದ್ದರು. ಒಬ್ಬೊಬ್ಬನ ಹೆಸರು ಕೇಳಿ, ಊರು ಕೇಳಿ, ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದರು. ಕಾಗುಣಿತ ತಪ್ಪಿದಾಗ ಹುಡುಗರು ನಗುತ್ತಿದ್ದರು, ಆಕೆಯೂ ನಗುತ್ತಿದ್ದರು.

ನನ್ನನ್ನು ಕಂಡು ಆಕೆ, "ಹಡಗಿನಲ್ಲಿ ಎಲ್ಲರ ಎದೆ ಮೇಲೂ ಹೆಸರಿತ್ತಲ್ಲ, ಸ್ವಾಮಿ. ನಮ್ಮ ಮನೆಯಲ್ಲೇ ಇರೋರ ಹೆಸರು ನನಗೆ ಗೊತ್ತಿರಲಿಲ್ಲ" ಎಂದರು. ತಟ್ಟೆಯಲ್ಲಿ ಎರಡು ಕಜ್ಜಾಯ ಉಳಿದಿದ್ದವು. ರಾತ್ರಿಪಾಳಿ ಮುಗಿಸಿ ಒಳಗೆ ಮಲಗಿದ್ದ ಇಬ್ಬರಿಗಾಗಿ ಅವನ್ನು ತೆಗೆದಿಡಲು ಹೇಳಿ, ಅವರ ಹೆಸರಿಗೆ ಪುಟದಲ್ಲಿ ಜಾಗ ಬಿಟ್ಟರು.